ಮಕ್ಕಳ ಬ್ರೆಡ್ಡಿಗೆ ದಿನಾ ಯಾವುದು ಹಚ್ಚಲಿ: ಪೀನಟ್ ಬಟರ್ರೋ, ಚಾಕೊಲೇಟ್ ಸ್ಪ್ರೆಡ್ಡೋ?

ದಿನಾ ಹಚ್ಚುವುದಾದರೆ ಪೀನಟ್ ಬಟರ್. ಚಾಕೊಲೇಟ್ ಸ್ಪ್ರೆಡ್ಡನ್ನು ಸಿಹಿತಿಂಡಿ ಅಂತಲೇ ಲೆಕ್ಕ ಹಾಕಿ, ಅಪರೂಪಕ್ಕೆ ಕೊಡಿ. (ಶೇಂಗಾ ಅಲರ್ಜಿ ಇರುವ ಮಗುವಾದರೆ ಮಾತು ಬೇರೆ.)

ಡಬ್ಬಿ ತಿರುಗಿಸಿ, ಪದಾರ್ಥಗಳ ಪಟ್ಟಿ ನೋಡಿ. ತೂಕದಲ್ಲಿ ಯಾವುದು ಹೆಚ್ಚೋ ಅದರ ಹೆಸರು ಮೊದಲು ಬರುತ್ತದೆ. ನ್ಯುಟೆಲ್ಲಾ ಅನ್ನೋ ಚಾಕೊಲೇಟ್ ಸ್ಪ್ರೆಡ್‌ನಲ್ಲಿ ಮೊದಲು ಸಕ್ಕರೆ, ಆಮೇಲೆ ತಾಳೆ ಎಣ್ಣೆ. ಹೇಜಲ್‌ನಟ್ (ಬಾದಾಮಿಯಂಥ ಒಂದು ಬೀಜ) ಬರೀ 13%. ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ! ಬರೀ ಶೇಂಗಾ ಹುರಿದು ಅರೆದ ಬಟರ್‌ನಲ್ಲಾದರೆ 100 ಗ್ರಾಂಗೆ ಸುಮಾರು 25 ಗ್ರಾಂ ಪ್ರೋಟೀನ್.

ಮೇಲೆ ಎಣ್ಣೆ ತೇಲಿದೆ ಅಂತ ಎಸೆಯಬೇಡಿ. ಅದು ಶೇಂಗಾದ್ದೇ ಎಣ್ಣೆ, ಅದನ್ನು ಹಿಡಿದಿಡುವ ಗಟ್ಟಿ ಕೊಬ್ಬು ಬೆರೆಸಿಲ್ಲ ಅಷ್ಟೆ. ಚಮಚ ತಳಕ್ಕೆ ಮುಟ್ಟುವಂತೆ ಕಲಕಿ. ಬಾದಾಮಿ ಬಟರ್ರೂ ಚೆನ್ನ, ಆದರೆ ದುಬಾರಿ. ಆ ದುಡ್ಡಿಗೆ ನಾನಂತೂ ಬಾದಾಮಿಯನ್ನೇ ನೆನೆಸಿ ತಿನ್ನುತ್ತೇನೆ.