ಸಂಪಾದಕರ ಉತ್ತರ: ರೊಟ್ಟಿ ಕೇಳಿದವರು ಬೇರೇನನ್ನೂ ಕೇಳಲಿಲ್ಲವೇ?

ಚಿಂತಾಮಣಿಯ ಓದುಗರಿಗೆ ನಮಸ್ಕಾರ.

ಕಳೆದ ಸಂಚಿಕೆಯ ಫ್ರೆಂಚ್ ಕ್ರಾಂತಿಯ ಲೇಖನದಲ್ಲಿ ಮಹಿಳೆಯರ ಪಾತ್ರ ‘ಹಸಿದ ಹೆಂಗಸರು ರೊಟ್ಟಿಗಾಗಿ ಬೀದಿಗಿಳಿದರು’ ಎಂಬ ಒಂದೇ ವಾಕ್ಯದಲ್ಲಿ ಮುಗಿದುಹೋಗಿದೆ ಎಂದು ಆಕ್ಷೇಪಿಸಿದ್ದೀರಿ. ನಿಮ್ಮ ಮಾತು ನಿಜ. ಕರಡು ತಿದ್ದುವಾಗ ಆ ವಾಕ್ಯವನ್ನು ನಾನೇ ಎರಡು ಸಲ ಓದಿದ್ದೆ, ಏನೂ ಅನ್ನಿಸಿರಲಿಲ್ಲ.

1789ರ ಅಕ್ಟೋಬರ್ 5ರಂದು ಪ್ಯಾರಿಸ್ಸಿನ ಮಾರುಕಟ್ಟೆಗಳಿಂದ ಹೊರಟ ಸಾವಿರಾರು ಮಹಿಳೆಯರು ಮಳೆಯಲ್ಲಿ ನೆನೆಯುತ್ತ ಸುಮಾರು 20 ಕಿಲೋಮೀಟರ್ ನಡೆದು ದೊರೆಯ ಅರಮನೆಯಿದ್ದ ವರ್ಸೇಲ್ಸ್ ತಲುಪಿ, ರಾಷ್ಟ್ರೀಯ ಸಭೆಯೊಳಗೆ ನುಗ್ಗಿ, ಪ್ರತಿನಿಧಿಗಳ ಆಸನಗಳಲ್ಲೇ ಕುಳಿತರು. ಅವರ ನಿಯೋಗವೊಂದು ದೊರೆ ಹದಿನಾರನೇ ಲೂಯಿಯನ್ನು ಕಂಡು, ಧಾನ್ಯ ಒದಗಿಸುವ ಭರವಸೆ ಪಡೆದು ಹಿಗ್ಗಿನಿಂದ ಹೊರಬಂದಾಗ ಕಾದಿದ್ದವರು ಒಪ್ಪಲಿಲ್ಲ. ಬಾಯಿಮಾತು ಸಾಲದು, ಬರೆಸಿಕೊಂಡು ಬನ್ನಿ ಎಂದು ಅವರನ್ನು ಮತ್ತೆ ಒಳಕ್ಕೆ ಅಟ್ಟಿದರು. (ರುಜುವಿಲ್ಲದ ಭರವಸೆಯ ಬೆಲೆ ಕಚೇರಿಗಳಿಗೆ ಅಲೆದವರಿಗೆಲ್ಲ ಗೊತ್ತು.) ವಾರಗಟ್ಟಲೆ ಸತಾಯಿಸುತ್ತಿದ್ದ ದೊರೆ ಅದೇ ರಾತ್ರಿ ರಾಷ್ಟ್ರೀಯ ಸಭೆ ಅಂಗೀಕರಿಸಿದ್ದ ಮಾನವ ಹಕ್ಕುಗಳ ಘೋಷಣೆಗೆ ಸಮ್ಮತಿಸಿದ, ಮರುದಿನ ಸಂಸಾರ ಸಮೇತ ಪ್ಯಾರಿಸ್ಸಿಗೆ ಹೊರಟವನು ಮತ್ತೆಂದೂ ಆ ಅರಮನೆಗೆ ಮರಳಲಿಲ್ಲ. ಇದನ್ನು ಹೊಟ್ಟೆಪಾಡಿನ ಗಲಾಟೆ ಎನ್ನುವುದಾದರೆ ರಾಜಕೀಯ ಎನ್ನುವುದು ಯಾವುದನ್ನು?

ಕ್ರಾಂತಿಯ ನಾಯಕರು ಈ ಮಹಿಳೆಯರನ್ನು ಮರೆತರೆಂದು ನಾನು ನಂಬುವುದಿಲ್ಲ. ಅವರಿಗೆ ಚೆನ್ನಾಗಿಯೇ ನೆನಪಿತ್ತು. ಪೋಲಿನ್ ಲಿಯೋನ್ ಮತ್ತು ಕ್ಲೇರ್ ಲಾಕೋಂಬ್ ಎಂಬ ಮಹಿಳೆಯರು 1793ರ ಮೇ ತಿಂಗಳಲ್ಲಿ ಕಟ್ಟಿದ ಸಂಘವೂ ಸೇರಿದಂತೆ ಎಲ್ಲ ಮಹಿಳಾ ಸಂಘಗಳನ್ನು ಅದೇ ವರ್ಷದ ಅಕ್ಟೋಬರ್ 30ರಂದು ನಿಷೇಧಿಸಲಾಯಿತು. ಗಲ್ಲಿನ ಕಟ್ಟೆ ಏರುವ ಹಕ್ಕು ಹೆಣ್ಣಿಗಿರುವಾಗ ಭಾಷಣದ ವೇದಿಕೆ ಏರುವ ಹಕ್ಕೂ ಇರಬೇಕೆಂದು 1791ರಲ್ಲಿ ವಾದಿಸಿದ್ದ ಲೇಖಕಿ ಒಲಿಂಪ್ ದ ಗೂಜ್ ಅವರ ತಲೆಯನ್ನು, ನಿಷೇಧವಾದ ನಾಲ್ಕೇ ದಿನಕ್ಕೆ ಕತ್ತರಿಸಲಾಯಿತು. ಫ್ರಾನ್ಸಿನ ಮಹಿಳೆಯರಿಗೆ ಮತದಾನದ ಹಕ್ಕು ದೊರೆತದ್ದು 1944ರಲ್ಲಿ.

ನಿಮ್ಮ ಪತ್ರ ಓದಿದ ಮೇಲೆ ನಮ್ಮದೇ ಹಳೆಯ ಸಂಚಿಕೆಗಳನ್ನು ತಿರುವಿದೆ. ನಮ್ಮ ಬಯಲುಸೀಮೆಯ ಶಾಶ್ವತ ನೀರಾವರಿ ಹೋರಾಟದ ಒಂದೇ ಪುಟದಲ್ಲಿ, ವೇದಿಕೆಯ ಮೇಲಿದ್ದ ಗಂಡಸರ ಚಿತ್ರಕ್ಕೆ ‘ಹೋರಾಟಗಾರರು’ ಎಂದೂ, ಖಾಲಿ ಕೊಡ ಹಿಡಿದು ರಸ್ತೆ ತಡೆದಿದ್ದ ಹೆಂಗಸರ ಚಿತ್ರಕ್ಕೆ ‘ನೀರಿಗಾಗಿ ಪರದಾಟ’ ಎಂದೂ ಅಡಿಬರಹ ಕೊಟ್ಟಿದ್ದೇವೆ. ಮೊದಲ ಚಿತ್ರದಲ್ಲಿ ಎಲ್ಲರ ಹೆಸರೂ ಇದೆ, ಎರಡನೆಯದರಲ್ಲಿ ಒಂದೂ ಇಲ್ಲ. ಆ ಊರಿಗೆ ಹೋಗಿ ಹೆಸರು ಕೇಳಿ ಬರುವಂತೆ ವರದಿಗಾರರಿಗೆ ಹೇಳಿದ್ದೇನೆ.