ಬಸುರಿಯಲ್ಲಿ ಯೂರಿನ್ ಇನ್ಫೆಕ್ಷನ್, ಕಲ್ಚರ್ ರಿಪೋರ್ಟ್ ತುಂಬಾ ‘ಆರ್’ ಬಂದಿದೆ, ಔಷಧಿ ನಿಲ್ಲಿಸಬಹುದಾ?

ಆರು ತಿಂಗಳ ಬಸುರಿ, ಮೆಡಿಕಲ್ ಸ್ಟೋರಿನಿಂದ ತಂದ ಸೆಫಿಕ್ಸಿಮ್ ಮುಗಿಸಿದರೂ ಉರಿ ಹೋಗಿಲ್ಲ, ಈಗ ಕಲ್ಚರ್‌ನಲ್ಲಿ ‘ಇಎಸ್‌ಬಿಎಲ್ ಇ. ಕೋಲೈ’ ಅಂತ ಒಂದು ಬ್ಯಾಕ್ಟೀರಿಯಾ ಬಂದಿದೆ, ಅತ್ತೆ ಮಾತ್ರೆ ಸಾಕು ಬಾರ್ಲಿ ನೀರು ಕುಡಿ ಅಂತಿದ್ದಾರೆ ಅಂತ ಬರೆದಿದ್ದೀರಿ. ದಯವಿಟ್ಟು ಚಿಕಿತ್ಸೆ ಬಿಡಬೇಡಿ. ನಾನು ಡಾಕ್ಟರ್ ಅಲ್ಲ, ತುಮಕೂರಿನ ಒಂದು ಲ್ಯಾಬಿನಲ್ಲಿ ಕಲ್ಚರ್ ಮಾಡುತ್ತೇನೆ. ಹಾಗಾಗಿ ನಿಮ್ಮ ಕೈಲಿರುವ ರಿಪೋರ್ಟ್ ಏನು ಹೇಳುತ್ತೆ ಅಂತ ಹೇಳಬಲ್ಲೆ.

ನಿಮ್ಮ ಮೂತ್ರವನ್ನು ಚೂರೇ ಚೂರು ಪ್ಲೇಟಿಗೆ ಸವರಿ ರಾತ್ರಿಯೆಲ್ಲಾ 37 ಡಿಗ್ರಿ ಶಾಖದಲ್ಲಿ ಇಡುತ್ತೇವೆ. ಇ. ಕೋಲೈ ಇದ್ದರೆ ಬೆಳಗ್ಗೆ ಗುಲಾಬಿ ಚುಕ್ಕೆಗಳು ಎದ್ದಿರುತ್ತವೆ. ಅದನ್ನು ಇನ್ನೊಂದು ಪ್ಲೇಟಿನ ತುಂಬಾ ಹರಡಿ, ಒಂದೊಂದು ಔಷಧಿ ಹೀರಿಸಿದ ಪುಟ್ಟ ಬಿಳಿ ಕಾಗದದ ಬಿಲ್ಲೆಗಳನ್ನು ಮೇಲೆ ಇಡುತ್ತೇವೆ. ಮಾರನೇ ದಿನ ನೋಡಿದರೆ, ಕೆಲಸ ಮಾಡಿದ ಔಷಧಿಯ ಬಿಲ್ಲೆ ಸುತ್ತ ಏನೂ ಬೆಳೆಯದೆ ಖಾಲಿ ಇರುತ್ತೆ, ಆ ಜಾಗವನ್ನು ಮಿಲಿಮೀಟರಿನಲ್ಲಿ ಅಳೆದು ಸಾಕಷ್ಟು ದೊಡ್ಡದಿದ್ದರೆ ‘ಎಸ್’ ಅಂತ ಬರೆಯುತ್ತೇವೆ. ಬಿಲ್ಲೆಗೆ ಒತ್ತಿಕೊಂಡೇ ಬೆಳೆದಿದ್ದರೆ ಅಥವಾ ಖಾಲಿ ಜಾಗ ತೀರಾ ಚಿಕ್ಕದಿದ್ದರೆ ‘ಆರ್’, ಅಂದರೆ ಆ ಔಷಧಿ ಈ ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡಲ್ಲ. ಇಎಸ್‌ಬಿಎಲ್ ಬ್ಯಾಕ್ಟೀರಿಯಾ ಸೆಫಿಕ್ಸಿಮ್ ತರದ ಔಷಧಿಗಳನ್ನೇ ಒಡೆದು ಹಾಕುತ್ತೆ. ಅದೇ ಮಾತ್ರೆ ಇನ್ನೊಂದು ಸ್ಟ್ರಿಪ್ ನುಂಗಿ ಪ್ರಯೋಜನ ಇಲ್ಲ.

ಈಗ ‘ಎಸ್’ ಇರುವ ಸಾಲುಗಳನ್ನು ನೋಡಿ. ನೈಟ್ರೋಫ್ಯುರಾಂಟೋಯಿನ್, ಫಾಸ್ಫೋಮೈಸಿನ್ ಇವೆಯಾ? ಬರೀ ಉರಿಮೂತ್ರ ಇದ್ದು ಜ್ವರ ಇಲ್ಲದಿದ್ದರೆ ಡಾಕ್ಟರ್ ಸಾಮಾನ್ಯವಾಗಿ ಇವುಗಳಲ್ಲೇ ಒಂದನ್ನು ಕೊಡುತ್ತಾರೆ. ಫಾಸ್ಫೋಮೈಸಿನ್ 3 ಗ್ರಾಂ ಪುಡಿ, ನೀರಿಗೆ ಹಾಕಿ ಒಂದೇ ಸಲ ಕುಡಿಯುವುದು. ನೈಟ್ರೋಫ್ಯುರಾಂಟೋಯಿನ್ ಈಗ ನಡೆಯುತ್ತೆ, ಆದರೆ ಹೆರಿಗೆ ಹತ್ತಿರ ಬಂದಾಗ ಕೊಡುವುದಿಲ್ಲ, ಹುಟ್ಟುವ ಮಗುವಿನ ರಕ್ತಕಣ ಒಡೆಯುವ ಅಪಾಯ ಇದೆ. ನಿಮಗೆ ಜಿ6ಪಿಡಿ (ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಸಿಪ್ರೋಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್ ಬಸುರಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ, ಅದಕ್ಕೇ ಇನ್ನು ಮೇಲೆ ಅಂಗಡಿಯವರ ಮಾತು ಕೇಳಿ ಮಾತ್ರೆ ತರಲೇಬೇಡಿ.

ಚಳಿ ಜ್ವರ, ಸೊಂಟದ ಮೇಲೆ ಪಕ್ಕೆಯಲ್ಲಿ ನೋವು, ವಾಂತಿ, ಇದರಲ್ಲಿ ಒಂದು ಶುರುವಾದರೂ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಸೋಂಕು ಕಿಡ್ನಿಗೆ ಏರಿರಬಹುದು. ಅವಧಿಗೆ ಮುಂಚೆ ಹೆರಿಗೆ ಆಗುವ ಭಯ ಇರುವುದೂ ಆಗಲೇ. ಆಗ ಮೆರೋಪೆನೆಮ್ ಅಥವಾ ಎರ್ಟಾಪೆನೆಮ್ ಇಂಜೆಕ್ಷನ್ ಬೇಕಾಗಬಹುದು. ಬಸುರಿಯಲ್ಲೂ ಅಗತ್ಯ ಬಿದ್ದರೆ ಕೊಡುತ್ತಾರೆ, ಹೆಸರು ಕೇಳಿ ಹೆದರಬೇಡಿ.

ಅತ್ತೆಯವರು ಕಾಳಜಿಯಿಂದಲೇ ಹೇಳಿದ್ದಾರೆ, ಬಾರ್ಲಿ ನೀರು, ಎಳನೀರು ಕುಡಿಯಿರಿ. ಆದರೆ ಗರ್ಭ ಬೆಳೆದಂತೆ ಮೂತ್ರನಾಳ ಸಡಿಲವಾಗಿ ಮೂತ್ರ ಅಲ್ಲೇ ನಿಲ್ಲುತ್ತೆ, ಬರೀ ನೀರು ಕುಡಿದರೆ ಈ ಸೋಂಕು ಹೋಗಲ್ಲ ಅಂತ ಅವರಿಗೆ ಡಾಕ್ಟರ್ ಬಾಯಿಂದಲೇ ಹೇಳಿಸಿ.

ಕೋರ್ಸ್ ಮುಗಿದು ಒಂದೆರಡು ವಾರಕ್ಕೆ ಮತ್ತೆ ಕಲ್ಚರ್ ಮಾಡಿಸಿ. ಉರಿ ನಿಂತಿತು ಅಂತ ತುಂಬಾ ಜನ ಇದನ್ನು ಬಿಡುತ್ತಾರೆ, ಆದರೆ ಬಸುರಿಯಲ್ಲಿ ಯಾವ ತೊಂದರೆಯೂ ಕಾಣದೆ ಸೋಂಕು ಉಳಿದಿರಬಹುದು. ತೊಳೆದುಕೊಂಡು, ಮೊದಲು ಸ್ವಲ್ಪ ಬಿಟ್ಟು, ನಡುವಿನ ಮೂತ್ರವನ್ನು ಲ್ಯಾಬಿನವರು ಕೊಟ್ಟ ಡಬ್ಬಿಗೇ ಹಿಡಿಯಿರಿ, ಎರಡು ಗಂಟೆಯೊಳಗೆ ತಲುಪಿಸಿ. ಪಾವಗಡದಿಂದ ಬಿಸಿಲಲ್ಲಿ ಬಸ್ಸಿನಲ್ಲಿ ಬಂದ ಡಬ್ಬಿಯೊಳಗೆ ಬ್ಯಾಕ್ಟೀರಿಯಾ ದಾರಿಯಲ್ಲೇ ಹೆಚ್ಚಿಕೊಂಡಿರುತ್ತವೆ, ಲೆಕ್ಕವೇ ತಪ್ಪುತ್ತೆ. ದೂರ ಇದ್ದರೆ ಲ್ಯಾಬಿಗೇ ಬಂದು ಅಲ್ಲೇ ಮೂತ್ರ ಹಿಡಿದು ಕೊಡಿ. ಈ ರಿಪೋರ್ಟಿನ ಒಂದು ಪ್ರತಿ ತಾಯಿ ಕಾರ್ಡಿನ ಜೊತೆ ಇಟ್ಟುಕೊಳ್ಳಿ, ಹೆರಿಗೆಗೆ ಬೇರೆ ಆಸ್ಪತ್ರೆಗೆ ಹೋದರೂ ಅಲ್ಲಿಯವರಿಗೆ ತೋರಿಸಬೇಕು.