ಟೀ ಜೊತೆ ಸಿಗರೇಟ್, ರೂಮಿನಲ್ಲಿ ವೇಪ್

ಪ್ರಶ್ನೆ: ಸಿಗರೇಟ್ ಬಿಡೋಕೆ ಅಂತ ವೇಪ್ (ಬ್ಯಾಟರಿಯ ಇ-ಸಿಗರೇಟ್) ಶುರು ಮಾಡಿದೆ, ಈಗ ಎರಡೂ ನಡೀತಿದೆ. ಮೊದಲು ಯಾವುದನ್ನು ಬಿಡಲಿ?

ಉತ್ತರ: ಎರಡರಲ್ಲೂ ನಿಮ್ಮನ್ನು ಹಿಡಿದಿರುವುದು ಅದೇ ನಿಕೋಟಿನ್. ಆದರೆ ಸುಟ್ಟ ಹೊಗೆಯೇ ಜಾಸ್ತಿ ಅಪಾಯ, ಹಾಗಾಗಿ ಒಟ್ಟಿಗೆ ಆಗದಿದ್ದರೆ ಮೊದಲು ಸಿಗರೇಟ್ ಬಿಡಿ. ಆಮೇಲೆ ವೇಪ್ ಇಟ್ಕೊಂಡು ಕೂರಬೇಡಿ (2019ರಿಂದ ಅದರ ಮಾರಾಟವೇ ನಿಷೇಧ, ಒಳಗೆ ಏನಿದೆಯೋ ಯಾರಿಗೆ ಗೊತ್ತು!). ಸಿಗರೇಟಾದರೂ ಉರಿದು ಮುಗಿಯುತ್ತೆ, ವೇಪಿಗೆ ಕೊನೆಯೇ ಇಲ್ಲ, ದಿಂಬಿನ ಪಕ್ಕದಲ್ಲೇ ಇರುತ್ತೆ ಅಲ್ವಾ?

ಬಿಡುವಾಗ ಸೇದಬೇಕು ಅನ್ನಿಸೋದನ್ನು ತಡೆಯೋಕೆ ಮೆಡಿಕಲ್ ಶಾಪಿನಲ್ಲಿ ನಿಕೋಟಿನ್ ಗಮ್ ಸಿಗುತ್ತದೆ. ಅದನ್ನು ಬಬಲ್‌ಗಮ್ ತರಹ ಸುಮ್ನೆ ಅಗಿಯಬೇಡಿ. ನಿಧಾನ ಅಗಿದು, ಚುರುಚುರು ಅನ್ನಿಸಿದಾಗ ಕೆನ್ನೆ ಒಳಗೆ ಒತ್ತಿಡಿ. ಟೀ ಕುಡಿದು 15 ನಿಮಿಷ ಬಿಟ್ಟು ಹಾಕಿಕೊಳ್ಳಿ, ಇಲ್ಲದಿದ್ದರೆ ಸರಿಯಾಗಿ ಕೆಲಸ ಮಾಡಲ್ಲ. ಸಹಾಯಕ್ಕೆ 1800-11-2356ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ.